ಹುಡುಗನ ಬಗ್ಗೆ ಕೇಳಿದ್ದೀರಿ

ಸೀತಾರಾಮನ ನಾಟಕಗಳಲ್ಲಿ ಯಾರಿಗೂ ಮದುವೆಯಾಗುತ್ತಿರಲಿಲ್ಲ. ಮುಂಬಯಿಯ ಪರೇಲಿನ ಕನ್ನಡ ಸಂಘದವರು ವರ್ಷಕ್ಕೊಂದು ಹಾಸ್ಯ ನಾಟಕ ಆಡುತ್ತಿದ್ದರು, ಅದನ್ನು ಅವನೇ ಬರೆದುಕೊಡುತ್ತಿದ್ದ, ಏಳು ವರ್ಷದಲ್ಲಿ ಏಳು ಸಂಬಂಧಗಳು ರಂಗದ ಮೇಲೆ ಮುರಿದುಬಿದ್ದಿದ್ದವು. ಕಥೆ ಹೆಚ್ಚುಕಡಿಮೆ ಒಂದೇ. ಚಾಳಿನ ಒಂದು ಕೋಣೆ, ಅದರಲ್ಲಿ ಇಬ್ಬರು ಗೆಳೆಯರು, ಕಿಟ್ಟಪ್ಪ ಮತ್ತು ಶಾಮಣ್ಣ. ಶಾಮಣ್ಣನಿಗೆ ಊರಿಂದ ಹೆಣ್ಣು ಗೊತ್ತಾಗುತ್ತದೆ, ಕಿಟ್ಟಪ್ಪ ಅದನ್ನು ತಪ್ಪಿಸುತ್ತಾನೆ. ಒಂದು ವರ್ಷ ಜೋಯಿಸನ ವೇಷ ಹಾಕಿ ಜಾತಕ ಕೂಡುವುದಿಲ್ಲ ಎಂದ. ಮತ್ತೊಂದು ವರ್ಷ ಹುಡುಗಿಯ ಸತ್ತುಹೋದ ಅಜ್ಜಿಯ ದೆವ್ವವಾಗಿ ಬಂದ. ಕೊನೆಗೆ ಗೆಳೆಯರಿಬ್ಬರೂ ತಬ್ಬಿಕೊಂಡು, ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿನ್ನುವಾಗ ಪರದೆ ಬೀಳುತ್ತಿತ್ತು. ಹೋಟೆಲಿನವರು, ಮಿಲ್ಲಿನವರು, ಫೋರ್ಟಿನ ಆಫೀಸುಗಳ ಗುಮಾಸ್ತರು, ಅವರ ಹೆಂಡಿರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈ ಕಿಟ್ಟಪ್ಪನಿಗೆ ಗೆಳೆಯನ ಮದುವೆ ಯಾಕೆ ಕಂಡರಾಗದು ಎಂದು ಅಷ್ಟೂ ವರ್ಷ ಒಬ್ಬನೂ ಕೇಳಿರಲಿಲ್ಲ. ನಗಿಸುವವನಿಗೆ ಇದೊಂದು ಅನುಕೂಲ, ಯಾರೂ ಅವನನ್ನು ಕಟಕಟೆ ಹತ್ತಿಸುವುದಿಲ್ಲ.

ಕಿಟ್ಟಪ್ಪನ ಪಾತ್ರ ಸೀತಾರಾಮನದೇ. ಮೈಸೂರಿನ ಕಡೆಯ ತೆಳ್ಳನೆಯ ಆಸಾಮಿ, ಮೂವತ್ತನಾಲ್ಕು ವಯಸ್ಸು, ವಿಕ್ರೋಳಿಯಲ್ಲಿ ಬಣ್ಣದ ಡಬ್ಬ ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಶಾಮಣ್ಣನಾಗುತ್ತಿದ್ದವನು ರಮಾನಾಥ, ಉಡುಪಿಯ ಕಡೆಯವನು, ಮೂರು ವರ್ಷ ಚಿಕ್ಕವನು. ಸಾಂತಾಕ್ರೂಜ್ ಸ್ಟೇಷನ್ ಪಕ್ಕದ ಸೋದರಮಾವನ ಹೋಟೆಲಿಗೆ ತಟ್ಟೆ ಎತ್ತಲು ಬಂದವನು ಈಗ ಅಲ್ಲಿ ಮ್ಯಾನೇಜರಾಗಿ ಗಲ್ಲಾದಲ್ಲಿ ಕೂರುತ್ತಿದ್ದ. ಹೋಟೆಲಿನ ಹಿಂದಿನ ಚಾಳಿನಲ್ಲಿ ಒಂದು ಕೋಣೆ, ಒಂಬತ್ತು ವರ್ಷದಿಂದ ಇಬ್ಬರೂ ಅದರಲ್ಲೇ ಇದ್ದರು.

ಸಾಂತಾಕ್ರೂಜಿನಲ್ಲಿ ಮಲಗಿ ವಿಕ್ರೋಳಿಯಲ್ಲಿ ದುಡಿಯುವವನನ್ನು ಮುಂಬಯಿಯಲ್ಲಿ ಹುಚ್ಚನೆಂದೇ ಕರೆಯುತ್ತಾರೆ. ದಾದರಿಗೆ ಒಂದು ಲೋಕಲ್, ಅಲ್ಲಿ ಸೇತುವೆ ಹತ್ತಿಳಿದು ಆಚೆ ಲೈನಿಗೆ ಹೋಗಿ ಇನ್ನೊಂದು ಲೋಕಲ್, ಸಂಜೆ ಅದೇ ಕಸರತ್ತು ತಿರುವುಮುರುವು. ಕಾರ್ಖಾನೆಯವರು ಗುಮಾಸ್ತರಿಗೆಂದು ಕಟ್ಟಿಸಿದ ಕ್ವಾರ್ಟರ್ಸಿನಲ್ಲಿ ಎರಡು ಸಲ ಅವನ ಹೆಸರು ಬಂದಿತ್ತು. ಎರಡು ಸಲವೂ ಸೀತಾರಾಮ ಬೇಡವೆಂದಿದ್ದ. ಕೇಳಿದವರಿಗೆ ಊಟಕ್ಕೆ ತೊಂದರೆಯಾಗುತ್ತದೆ ಎನ್ನುತ್ತಿದ್ದ, ಇಡೀ ಮುಂಬಯಿಯಲ್ಲಿ ಸಾರು ಅನ್ನ ಸಿಗುವುದು ಸಾಂತಾಕ್ರೂಜಿನಲ್ಲಿ ಮಾತ್ರ ಎಂಬ ಹಾಗೆ. ಮೈಸೂರಿನಲ್ಲಿದ್ದ ಅಕ್ಕ ಕೌಸಲ್ಯಾ ಮೂರು ಜಾತಕ ಕಳಿಸಿ, ಮೂರಕ್ಕೂ ಉತ್ತರ ಬಾರದೆ, ಸೋತು ಸುಮ್ಮನಾಗಿದ್ದಳು.

ಕನ್ನಡ ನಾಡು ಒಂದೇ ರಾಜ್ಯವಾಗಿ ವರ್ಷ ತುಂಬುವ ನವೆಂಬರಿಗೆ ಎಂಟನೆಯ ನಾಟಕ ಗೊತ್ತಾಯಿತು. ಹೆಸರು ‘ಮೂರನೇ ಚಾಪೆ’. ಎರಡು ಚಾಪೆ ಹಾಸಿದರೆ ತುಂಬಿಹೋಗುವ ಕೋಣೆಗೆ ಶಾಮಣ್ಣನ ಹೆಂಡತಿ ಬರುವುದಾದರೂ ಹೇಗೆ ಎಂಬುದೇ ಅದರ ತಮಾಷೆ. ಅಲ್ಲಿಯವರೆಗೆ ಹೆಣ್ಣಿನ ಪಾತ್ರ ಮಾಡುತ್ತಿದ್ದವನು ಸೀನ ಎಂಬ ಅಡುಗೆಯವನು. ಆ ವರ್ಷ ಸಂಘದ ಹಿರಿಯರಿಗೆ ಏನು ಹೊಳೆಯಿತೋ, ಹೆಣ್ಣಿನ ಪಾತ್ರ ಹೆಣ್ಣೇ ಮಾಡಲಿ ಎಂದರು. ಪರೇಲಿನ ಕನ್ನಡ ಶಾಲೆಯ ವಿನೋದಿನಿ ಟೀಚರ್ ಒಪ್ಪಿಕೊಂಡರು. ಮಂಗಳೂರಿನವರು, ಇಪ್ಪತ್ತಾರು ವಯಸ್ಸು, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು. ಶಾಲೆ ಬಿಟ್ಟ ಮೇಲೆ ಅವರ ತರಗತಿಯಲ್ಲೇ ರಿಹರ್ಸಲ್ ನಡೆಯುತ್ತಿತ್ತು, ಗಂಡಸರೆಲ್ಲ ಮಂಡಿ ಮಡಚಿಕೊಂಡು ಮಕ್ಕಳ ಬೆಂಚಿನ ಮೇಲೆ ಕೂರುತ್ತಿದ್ದರು.

ಸೀನ ಏಳು ವರ್ಷ ಸೀರೆ ಉಟ್ಟು, ಹೇಳಿಕೊಟ್ಟಷ್ಟು ಹೇಳಿ, ನಾಚು ಎಂದಲ್ಲಿ ನಾಚಿ ಒಳಗೆ ಹೋಗುತ್ತಿದ್ದ. ವಿನೋದಿನಿ ಮೂರನೆಯ ದಿನವೇ ಪುಸ್ತಕ ಮಡಚಿಟ್ಟು ಕೇಳಿದರು.

“ಮಾಸ್ಟ್ರೇ, ಈ ಕಿಟ್ಟಪ್ಪ ಮದುವೆ ತಪ್ಪಿಸುವುದು ಎಂತಕ್ಕೆ?”

“ಹಾಸ್ಯಕ್ಕೆ,” ಎಂದ ಸೀತಾರಾಮ.

“ಅದು ನೋಡುವವರಿಗೆ. ಅವನಿಗೆ ಎಂತಕ್ಕೆ? ನಾನು ಅವನ ಎದುರು ನಿಲ್ಲಬೇಕಲ್ಲ. ಅವನಿಗೆ ನನ್ನ ಮೇಲೆ ಮನಸ್ಸುಂಟಾ?”

“ಛೆ, ಇಲ್ಲ. ಅವನು ನಿಮ್ಮ ಕಡೆ ನೋಡೋದೂ ಇಲ್ಲ.”

“ಹಾಗಾದ್ರೆ ಯಾರ ಮೇಲೆ?”

ಲೆಕ್ಕದ ಟೀಚರ್ ಅಲ್ಲವೇ, ಉತ್ತರ ಬರುವ ತನಕ ಬಿಡುವ ಜಾತಿಯಲ್ಲ. ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪ್ರಾಂಪ್ಟರ್ ಶಿವಪುತ್ರಪ್ಪ, ಧಾರವಾಡದ ಕಡೆಯ ಮಿಲ್ ಕೆಲಸಗಾರ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಟೀಚರ್ ಬಾಳ ಆಳಕ್ಕ ಇಳದ್ರು ನೋಡ್ರಿ,” ಎಂದ.

ರಮಾನಾಥನೂ ನಕ್ಕ. “ನನ್ನ ಮೇಲೆಯೇ ಟೀಚರ್,” ಎಂದ. “ಅನ್ನ ಹಾಕುವವನು ನಾನಲ್ವಾ? ಅನ್ನ ಹಾಕುವವನನ್ನು ಯಾರಾದರೂ ಬಿಟ್ಟುಕೊಡ್ತಾರಾ?”

ಮತ್ತೆ ನಗು. ಸೀತಾರಾಮನೂ ನಗುವವರ ಜೊತೆ ನಕ್ಕ, ಆದರೆ ಕಿವಿ ಸುಟ್ಟ ಹಾಗಾಯಿತು. ಸಂಜೆ ಲೋಕಲ್‌ನಲ್ಲಿ ಕಂಬಿ ಹಿಡಿದು ನಿಂತಾಗಲೂ ಅದೇ ಪ್ರಶ್ನೆ. ಪಕ್ಕದಲ್ಲಿ ರಮಾನಾಥ ಎಂದಿನಂತೆ ಉದ್ದಿನಬೇಳೆ ಸರಿಯಿಲ್ಲದ್ದಕ್ಕೆ ಯಾರನ್ನೋ ಬೈಯುತ್ತಿದ್ದ. ಸೀತಾರಾಮ ಅವನ ಮುಖ ನೋಡಿದ. ಒಂಬತ್ತು ವರ್ಷ ನೋಡಿದ ಮುಖವೇ. ಮಾಹಿಮ್ ದಾಟುವಷ್ಟರಲ್ಲಿ ಅವನಿಗೆ ತಾನು ಎಂಟು ನಾಟಕ ಯಾಕೆ ಬರೆದೆ ಎಂಬುದು ಗೊತ್ತಾಗಿಹೋಗಿತ್ತು. ರಮಾನಾಥನ ಮೇಲೆ ತನಗೆ ಮನಸ್ಸಿದೆ. ಗಂಡನಿಗೆ ಹೆಂಡತಿಯ ಮೇಲೆ ಇರುವ ಹಾಗೆ ಇದೆ. ಇಷ್ಟು ಸುಲಭದ ವಾಕ್ಯವನ್ನು ಹೇಳಿಕೊಳ್ಳಲು ಅವನಿಗೆ ಇಷ್ಟು ವರ್ಷ, ಎಂಟು ನಾಟಕ ಮತ್ತು ಒಬ್ಬರು ಲೆಕ್ಕದ ಟೀಚರ್ ಬೇಕಾಯಿತು.

ಗೊತ್ತಾಯಿತೆಂದು ಯಾವುದೂ ಬದಲಾಗಲಿಲ್ಲ. ಬೆಳಿಗ್ಗೆ ಎದ್ದ, ರಮಾನಾಥ ಕೊಟ್ಟ ಕಾಫಿ ಕುಡಿದ, ದಾದರಿನ ಸೇತುವೆ ಹತ್ತಿದ. ಹಾಗೆಯೇ ನಡೆದುಕೊಂಡು ಹೋಗುತ್ತಿತ್ತೇನೋ, ಅಷ್ಟರಲ್ಲಿ ರಮಾನಾಥನಿಗೆ ನಿಜವಾಗಿಯೇ ಸಂಬಂಧ ಬಂತು.

ಹುಡುಗಿ ಕಟಪಾಡಿಯವಳು, ಹೆಸರು ವಾರಿಜಾ. ರಮಾನಾಥನ ತಾಯಿ ನೋಡಿ ಒಪ್ಪಿ ಆಗಿತ್ತು. ಇನ್ನುಳಿದದ್ದು ಹುಡುಗನ ವಿಚಾರಣೆ. ಹೆಣ್ಣು ಊರಲ್ಲಿದ್ದು ಹುಡುಗ ಮುಂಬಯಿಯಲ್ಲಿದ್ದರೆ, ಹೆಣ್ಣಿನ ಕಡೆಯವರು ಇಲ್ಲಿ ಗುರುತಿನವರೊಬ್ಬರಿಗೆ ಕಾಗದ ಬರೆದು ಕೇಳುವುದು ವಾಡಿಕೆ. ಹುಡುಗ ಕುಡಿಯುತ್ತಾನೋ, ಕುದುರೆಗೆ ದುಡ್ಡು ಕಟ್ಟುತ್ತಾನೋ, ಎಲ್ಲಾದರೂ ಗುಟ್ಟಿನ ಸಂಸಾರ ಇಟ್ಟಿದ್ದಾನೋ? ಆ ಒಂದು ಉತ್ತರದ ಮೇಲೆ ಎಷ್ಟೋ ಮದುವೆಗಳು ಆಗಿವೆ, ಎಷ್ಟೋ ನಿಂತುಹೋಗಿವೆ.

“ನಿನ್ನ ಹೆಸರೇ ಕೊಟ್ಟಿದ್ದೇನೆ ಮಾರಾಯ,” ಎಂದ ರಮಾನಾಥ ಒಂದು ಬೆಳಿಗ್ಗೆ. “ಬೇರೆ ಯಾರದ್ದು ಕೊಡುವುದು? ಕಾಗದ ಬಂದ್ರೆ ನಾಲ್ಕು ಗೆರೆ ಬರೆದು ಹಾಕು.”

“ನಿನಗೆ ಮನಸ್ಸಿದೆಯೇನೋ?”

“ಮನಸ್ಸು ಎಂತದ್ದು. ಆಗಬೇಕಲ್ಲ. ಮನೆಕೆಲಸ ಅಮ್ಮನಿಗೆ ಆಗುವುದಿಲ್ಲ ಈಗ. ಮಾವನೂ ಬಿಡುವುದಿಲ್ಲ.” ಅವನು ಲೋಟ ಎತ್ತಿಕೊಂಡು, “ನಿನಗೂ ಒಂದು ನೋಡಬೇಕು,” ಎಂದ. ಆ ಮಾತಿನಲ್ಲಿ ಜೀವವಿರಲಿಲ್ಲ.

ವಾರದೊಳಗೆ ಹುಡುಗಿಯ ತಂದೆ ಅನಂತಕೃಷ್ಣ ಉಪಾಧ್ಯರ ಕಾಗದ ಬಂತು. ದುಂಡನೆಯ ಅಕ್ಷರ, ಮರ್ಯಾದೆಯ ಒಕ್ಕಣೆ. ತಮ್ಮೊಡನೆ ಇರುವ ಚಿ. ರಮಾನಾಥನ ನಡತೆಯ ಬಗ್ಗೆ ಸಂಕೋಚವಿಲ್ಲದೆ ತಿಳಿಸಬೇಕು, ತಮ್ಮ ಮಾತಿನ ಮೇಲೆ ಮುಂದುವರಿಯುತ್ತೇವೆ ಎಂದಿತ್ತು.

ವಿಚಿತ್ರವೆಂದರೆ ‘ಮೂರನೇ ಚಾಪೆ’ಯ ಮುಖ್ಯ ದೃಶ್ಯವೂ ಇದೇ. ಅದರಲ್ಲಿ ಹುಡುಗಿಯ ತಂದೆ ಕಿಟ್ಟಪ್ಪನಿಗೆ ಕಾಗದ ಬರೆದು ಶಾಮಣ್ಣನ ಬಗ್ಗೆ ವಿಚಾರಿಸುತ್ತಾನೆ. ಕಿಟ್ಟಪ್ಪ ಇಲ್ಲದ ದೋಷಗಳನ್ನೆಲ್ಲ ಸೇರಿಸಿ ಉತ್ತರ ಬರೆದು, ಜನರ ಮುಂದೆ ಗಟ್ಟಿಯಾಗಿ ಓದುತ್ತಾನೆ. ಹುಡುಗನಿಗೆ ಕಾಲಲ್ಲಿ ಆರು ಬೆರಳು, ಹುಣ್ಣಿಮೆಗೊಮ್ಮೆ ಬೊಗಳುತ್ತಾನೆ, ಇಂಥವೇ. ಹಿಂದೆ ಬಾಗಿಲಲ್ಲಿ ನಿಂತ ಶಾಮಣ್ಣ ಎಲ್ಲವನ್ನೂ ಕೇಳಿಸಿಕೊಂಡು, ನುಗ್ಗಿ ಬಂದು, ಕಾಗದ ಕಿತ್ತು ಹರಿದು ಹಾಕುತ್ತಾನೆ. ಸೀತಾರಾಮ ಇದನ್ನು ಬರೆದದ್ದು ಜೂನ್ ತಿಂಗಳಲ್ಲಿ. ಆಗ ಕಟಪಾಡಿ ಎಂಬ ಊರು ಎಲ್ಲಿದೆ ಎಂದೂ ಅವನಿಗೆ ಗೊತ್ತಿರಲಿಲ್ಲ.

ನಿಜದ ಉತ್ತರ ಬರೆಯಲು ಕೂತರೆ ಕೈ ಓಡಲಿಲ್ಲ. ಬೊಗಳುವ ಸುಳ್ಳು ಬೇಕಾಗಿಯೇ ಇರಲಿಲ್ಲ, ‘ಹುಡುಗನಿಗೆ ಮದುವೆಯಲ್ಲಿ ಆಸಕ್ತಿ ಇದ್ದಂತೆ ಕಾಣುವುದಿಲ್ಲ’ ಎಂಬ ಒಂದು ಸಾಲು ಸಾಕು. ಅದು ಸುಳ್ಳೂ ಅಲ್ಲ. ಆ ಸಾಲನ್ನು ಸೀತಾರಾಮ ಎರಡು ಸಲ ಬರೆದ, ಎರಡು ಸಲವೂ ಹರಿದ. ಗೆಳೆಯನ ತಾಯಿಯ ಮುಖ ಕಣ್ಣಿಗೆ ಬಂತು. ಅದಕ್ಕಿಂತ ಹೆಚ್ಚಾಗಿ, ಮುಂದೆ ದಿನಾ ಬೆಳಿಗ್ಗೆ ಅವನ ಕೈಯಿಂದ ಕಾಫಿ ಲೋಟ ಇಸಿದುಕೊಳ್ಳಬೇಕಲ್ಲ ಎಂದು ನಾಚಿಕೆಯಾಯಿತು. ಬರೆದೆಯಾ ಎಂದು ರಮಾನಾಥ ಎರಡು ಸಲ ಕೇಳಿದ. ಬರೀತೀನಿ ಎಂದು ಸೀತಾರಾಮ ಎರಡು ಸಲ ಹೇಳಿದ.

ಕೊನೆಗೆ ನಾಟಕದ ಹಿಂದಿನ ದಿನ, ಶನಿವಾರ, ಅರ್ಧ ದಿನದ ಆಫೀಸು ಮುಗಿದು ಎಲ್ಲರೂ ಹೋದ ಮೇಲೆ ಕಾರ್ಖಾನೆಯ ಹಳದಿ ಕಾಗದದ ಮೇಲೆ ಒಂದೇ ಉಸಿರಿಗೆ ಬರೆದುಬಿಟ್ಟ. ಭಾನುವಾರದ ನಾಟಕ ಮುಗಿದ ಮೇಲೆ, ಸೋಮವಾರ ಲಕೋಟೆ ಕೊಂಡು ಟಪ್ಪಾಲಿಗೆ ಹಾಕುವುದೆಂದು ಕೋಟಿನ ಬಲಜೇಬಿಗೆ ಇಟ್ಟುಕೊಂಡ. ನಾಟಕದಲ್ಲಿ ಓದುವ ಕಾಗದವೂ ಅದೇ ಹಳದಿ ಕಾಗದದ್ದು. ಅದು ಎಡಜೇಬಿನಲ್ಲಿತ್ತು. ಆಫೀಸಿನ ಕೋಟೇ ಕಿಟ್ಟಪ್ಪನ ಕೋಟು. ಈ ಸಂಘಕ್ಕೆ ಬೇರೆ ಕೋಟು ಹೊಲಿಸುವ ಯೋಗ್ಯತೆ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಾಟಕ. ಕಾರ್ಮಿಕರ ಸಭಾಗೃಹ ತುಂಬಿತ್ತು. ಮುಂದೆ ಕುರ್ಚಿಯಲ್ಲಿ ಸಂಸಾರಸ್ಥರು, ಹಿಂದೆ ಚಾಪೆಯ ಮೇಲೆ ಹೋಟೆಲಿನವರು, ಗೋಡೆಗೆ ಒರಗಿ ತಡವಾಗಿ ಬಂದವರು. ಮೊದಲ ಅಂಕ ಚೆನ್ನಾಗಿಯೇ ಹೋಯಿತು. ವಿನೋದಿನಿ ಟೀಚರ್ ಬಂದು ನಿಂತಾಗ ನಿಜವಾದ ಹೆಂಗಸು ಎಂದು ಗೊತ್ತಾಗಿ ಜನ ಒಂದು ನಿಮಿಷ ನಗುವುದನ್ನೇ ಮರೆತರು.

ಎರಡನೆಯ ಅಂಕದಲ್ಲಿ ಕಾಗದದ ದೃಶ್ಯ. ಈ ದೃಶ್ಯ ಬಂತೆಂದರೆ ಶಿವಪುತ್ರಪ್ಪನಿಗೆ ಬಿಡುವು. ಕಾಗದ ನೋಡಿ ಓದುವವನಿಗೆ ಪ್ರಾಂಪ್ಟ್ ಯಾಕೆ ಎಂದು ಅವನು ಪುಸ್ತಕ ಮಡಚಿ ಹಿಂದೆ ಚಹಾ ಕುಡಿಯಲು ಹೋಗುತ್ತಿದ್ದ. ಸೀತಾರಾಮನಂತೂ ತಾನೇ ಬರೆದ ಆ ಕಾಗದದ ಒಂದು ಸಾಲನ್ನೂ ಬಾಯಿಪಾಠ ಮಾಡಿರಲಿಲ್ಲ. ರಂಗದ ಅಂಚಿಗೆ ಬಂದು, ಬಾಗಿಲಿಗೆ ಬೆನ್ನು ಮಾಡಿ ನಿಂತು, ಜೇಬಿಗೆ ಕೈ ಹಾಕಿ ಕಾಗದ ಬಿಡಿಸಿದ.

“ಪೂಜ್ಯರಿಗೆ ಸೀತಾ...” ಎಂದವನು ನಿಂತ. “ಕಿಟ್ಟಪ್ಪನ ನಮಸ್ಕಾರಗಳು.”

ಬಲಜೇಬಿನ ಕಾಗದ. ಸರಿಯಾದದ್ದು ಎಡಜೇಬಿನಲ್ಲಿ ಇದ್ದೇ ಇತ್ತು. ಇದನ್ನು ಮಡಚಿ ಅದನ್ನು ತೆಗೆದಿದ್ದರೆ ಜನ ಅದಕ್ಕೂ ಒಂದು ನಗು ನಕ್ಕು ಮರೆಯುತ್ತಿದ್ದರು. ಸೀತಾರಾಮ ಎಡಜೇಬಿಗೆ ಕೈ ಹಾಕಲಿಲ್ಲ. ಹೆದರಿಕೆಯಾಗಿತ್ತು, ಆದರೂ ಹಾಕಲಿಲ್ಲ. ರಮಾನಾಥ ಹಿಂದೆ ಬಾಗಿಲಲ್ಲಿ ನಿಂತಿದ್ದಾನೆ, ಈ ಕಾಗದ ಅವನ ಕಿವಿಗೆ ಬೀಳುವುದಾದರೆ ಇದೇ ಜಾಗ, ಇದೇ ಹೊತ್ತು ಎಂದು ಅವನಿಗೆ ಅನಿಸಿತು. ಓದಿದ.

“ಹುಡುಗನ ಬಗ್ಗೆ ಕೇಳಿದ್ದೀರಿ. ಒಂಬತ್ತು ವರ್ಷದಿಂದ ಒಂದೇ ಕೋಣೆಯಲ್ಲಿದ್ದೇವೆ, ಆದ್ದರಿಂದ ಹೇಳುವ ಅಧಿಕಾರ ನನಗೆ ಇದೆಯೆಂದು ತಿಳಿದು ಬರೆಯುತ್ತಿದ್ದೇನೆ. ಹುಡುಗ ನಿದ್ದೆಯಲ್ಲಿ ಮಾತನಾಡುತ್ತಾನೆ. ಎರಡು ಇಡ್ಲಿ, ಒಂದು ಸಾದಾ ಎಂದು ಆರ್ಡರ್ ಕೂಗುತ್ತಾನೆ. ಗಾಬರಿಯಾಗಬಾರದು. ‘ಆಯಿತು, ಬಂತು’ ಎಂದರೆ ಸಾಕು, ಸುಮ್ಮನಾಗುತ್ತಾನೆ.”

ಚಾಪೆಯ ಕಡೆಯಿಂದ ನಗು ಸಿಡಿಯಿತು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ನಿದ್ದೆಯಲ್ಲಿ ಆರ್ಡರ್ ಕೂಗುವವರೇ.

“ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತಾನೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾನೆ. ಆಗ ಮಾತನಾಡಿಸಬಾರದು. ಊಟವಾಯಿತೇ ಎಂದು ಕೇಳಿದರೆ ಯಾವಾಗಲೂ ಆಯಿತು ಎನ್ನುತ್ತಾನೆ, ಅದನ್ನು ನಂಬಬಾರದು. ಎಲ್ಲರಿಗೂ ಬಡಿಸಿ ತನಗೆ ಉಳಿಯದಿದ್ದರೂ ಹಾಗೇ ಹೇಳುತ್ತಾನೆ. ಅವನ ಬಲಗೈ ಮೂಸಿ ನೋಡಬೇಕು, ಸಾರಿನ ವಾಸನೆ ಇಲ್ಲದಿದ್ದರೆ ಎಬ್ಬಿಸಿ ಉಣ್ಣಿಸಬೇಕು.”

ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗಂಡಸಿನ ಕೈ ಮೂಸುವ ಗಂಡಸನ್ನು ಅವರು ಎಲ್ಲಿ ಕಂಡಿದ್ದರು?

“ಅವನ ಬಲಗಿವಿ ಸ್ವಲ್ಪ ಮಂದ. ಇದು ಅವನ ತಾಯಿಗೂ ಗೊತ್ತಿಲ್ಲ. ರಸ್ತೆಯಲ್ಲಿ ಅವನ ಎಡಗಡೆಯೇ ನಡೆಯಬೇಕು. ನಾನು ಹಾಗೆಯೇ ನಡೆಯುತ್ತೇನೆ. ನನಗೆ ವಿಷಮಶೀತ ಜ್ವರ ಬಂದಾಗ ಇಪ್ಪತ್ತೊಂದು ದಿನ ನನ್ನ ಪಕ್ಕದಲ್ಲಿ ಕೂತಿದ್ದ. ಇಪ್ಪತ್ತೆರಡನೆಯ ದಿನ ಕಣ್ಣು ಬಿಟ್ಟರೆ, ನನ್ನ ಬಾಡಿಗೆಯ ಅರ್ಧ ಯಾರು ಕೊಡುತ್ತಾರೆ ಎಂದು ಬೈದ. ಅವನು ಪ್ರೀತಿ ತೋರಿಸುವುದೇ ಹೀಗೆ, ಹುಡುಗಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ಮದುವೆಯಾದ ಮೇಲೆ ನಾನು ಬೇರೆ ಕಡೆ ಇರುತ್ತೇನೆ. ಈ ಮದುವೆ ಆಗಬಾರದೆಂದು ನನಗೆ ಬಹಳ ಆಸೆಯಿತ್ತು. ಬಹಳ ಹುಡುಕಿದೆ. ತಮಗೆ ಬರೆಯುವಂಥ ಒಂದು ದೋಷವೂ ಅವನಲ್ಲಿ ಸಿಗಲಿಲ್ಲ.”

ಮದುವೆ ತಪ್ಪಿಸಲು ಹೊರಟವನು ಕೊನೆಗೆ ಹೊಗಳಿ ಸುಸ್ತಾದ ಎಂಬ ತಮಾಷೆ ಜನಕ್ಕೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಆಮೇಲೆ ಎಂಟು ವರ್ಷದಲ್ಲಿ ಕೇಳದಷ್ಟು ನಗು, ಚಪ್ಪಾಳೆ, ಹಿಂದಿನಿಂದ ಶಿಳ್ಳೆ. ಗೋಡೆಗೆ ಒರಗಿದ್ದ ಯಾರೋ, “ವನ್ಸ್ ಮೋರ್” ಎಂದು ಕೂಗಿದ. ಚಾಪೆಯವರೆಲ್ಲ ಅದನ್ನೇ ಹಿಡಿದುಕೊಂಡರು. ವನ್ಸ್ ಮೋರ್ ಬಂದರೆ ಮತ್ತೊಮ್ಮೆ ಮಾಡಿ ತೋರಿಸಲೇಬೇಕು. ಕಂಪನಿ ನಾಟಕಗಳ ಕಾಲದಿಂದ ಬಂದ ಕಟ್ಟಳೆ, ಅದನ್ನು ಮೀರಿದ ನಟನಿಲ್ಲ.

ಸೀತಾರಾಮ ಎರಡನೆಯ ಸಲ ಓದಿದ. ಈ ಸಲ ಜನರ ಕಡೆ ತಿರುಗಿ ಓದಲಿಲ್ಲ. ಬಾಗಿಲ ಕಡೆ ತಿರುಗಿದ. ರಮಾನಾಥ ಚೌಕಟ್ಟು ಹಿಡಿದು ನಿಂತಿದ್ದ. ಮುಖಕ್ಕೆ ಬಳಿದ ಬಣ್ಣದ ಕೆಳಗೆ ಅವನ ಬಣ್ಣ ಹೋಗಿತ್ತು. ಜನ ಅದೇ ಜಾಗಗಳಲ್ಲಿ ಮತ್ತೆ ನಕ್ಕರು, ಇಡ್ಲಿಗೆ ನಕ್ಕರು, ಪಾತ್ರೆಗೆ ನಕ್ಕರು. ರಂಗದ ಮೇಲಿದ್ದ ಇಬ್ಬರು ನಗಲಿಲ್ಲ. ಕಿವಿಯ ಮಾತಿಗೆ ಬಂದಾಗ ಸೀತಾರಾಮ ಕಾಗದ ಕೆಳಗಿಳಿಸಿ, ನೋಡದೆಯೇ ಹೇಳಿದ. ಅದನ್ನೂ ಅಭಿನಯವೆಂದು ತಿಳಿದು ಜನ ಚಪ್ಪಾಳೆ ಹೊಡೆದರು.

ಗದ್ದಲ ಕೇಳಿ ಶಿವಪುತ್ರಪ್ಪ ಚಹಾ ಬಿಟ್ಟು ಓಡಿಬಂದಿದ್ದ. ಪುಸ್ತಕದ ಹಾಳೆ ತಿರುವಿ ತಿರುವಿ ನೋಡಿದ, ಎಲ್ಲೂ ಇಡ್ಲಿ ಸಿಗಲಿಲ್ಲ. ಮುಂದಿನ ಕೆಲಸವಾದರೂ ಆಗಲಿ ಎಂದು ಪಕ್ಕದ ಪರದೆಯಿಂದ ರಮಾನಾಥನಿಗೆ ಪಿಸುಗುಟ್ಟಿದ.

“ಹರೀರಿ. ಕಾಗದ ಕಸಗೊಂಡು ಹರೀರಿ.”

ರಮಾನಾಥ ನಡೆದು ಬಂದ. ಸೀತಾರಾಮನ ಕೈಯಿಂದ ಕಾಗದ ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ತೆಗೆದುಕೊಂಡ.

“ಹರೀರಿ, ಹರೀರಿ,” ಎಂದಿತು ಪರದೆ.

ಅವನು ಅದನ್ನು ನಾಲ್ಕು ಮಡಿಕೆ ಮಡಚಿದ, ಅಂಗಿಯ ಜೇಬಿಗೆ ಹಾಕಿಕೊಂಡ. ಮುಂದಿನ ಮಾತು ಅವನಿಗೆ ಬರಲಿಲ್ಲ. ಅಷ್ಟರಲ್ಲಿ ವಿನೋದಿನಿ ಟೀಚರ್ ತಮ್ಮ ಪ್ರವೇಶಕ್ಕೆ ಇನ್ನೂ ಎರಡು ಪುಟ ಇರುವಾಗಲೇ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ರಂಗಕ್ಕೆ ಬಂದು, “ಇಲ್ಲಿ ಊಟಕ್ಕೆ ಎಂತ ಉಂಟು?” ಎಂದು ಗದರಿದರು. ಜನ ನಕ್ಕರು, ನಾಟಕ ಹೇಗೋ ಮುಂದಕ್ಕೆ ಉರುಳಿತು. ಕೊನೆಯಲ್ಲಿ ಗೆಳೆಯರು ತಬ್ಬಿಕೊಳ್ಳುವ ಜಾಗವನ್ನು ಇಬ್ಬರೂ ಮಾಡಲಿಲ್ಲ. ಉಪ್ಪಿಟ್ಟನ್ನು ಮಾತ್ರ ತಿಂದರು.

ಬಣ್ಣ ತೆಗೆಯುವಾಗ ಎಲ್ಲರೂ ಸೀತಾರಾಮನ ಬೆನ್ನು ತಟ್ಟಿದರು. ಹೊಸ ಕಾಗದ ಹಳೆಯದಕ್ಕಿಂತ ಎಷ್ಟೋ ವಾಸಿ, ಯಾವಾಗ ಬರೆದಿರಿ ಎಂದು ಕೇಳಿದರು. “ಹೇಳದ ಕೇಳದ ಬದಲ ಮಾಡಬ್ಯಾಡ್ರಿ ಮಾಸ್ತರ, ನನ್ನ ಜೀವ ಹೋಗಿತ್ತು,” ಎಂದು ಶಿವಪುತ್ರಪ್ಪ ಮುನಿಸಿಕೊಂಡ. ವಿನೋದಿನಿ ನೀರಿನ ಲೋಟ ತಂದುಕೊಟ್ಟು, ಅವನೊಬ್ಬನಿಗೇ ಕೇಳುವಂತೆ, “ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಮಾಸ್ಟ್ರೇ. ಇನ್ನು ಯಾರಿಗೂ ಹೇಳುವುದು ಬೇಡ,” ಎಂದರು. ಅದರಲ್ಲಿ ಅಸಹ್ಯವಿರಲಿಲ್ಲ, ಅನುಕಂಪವೂ ಇರಲಿಲ್ಲ. ಸೀತಾರಾಮನಿಗೆ ಅಷ್ಟರಿಂದಲೇ ಕಣ್ಣು ತುಂಬಿಬಂತು.

ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್‌ವರೆಗೆ ಸೀತಾರಾಮ ಎಂದಿನಂತೆ ರಮಾನಾಥನ ಎಡಗಡೆಯೇ ನಡೆದ. ಭಾನುವಾರದ ಸಂಜೆ, ಲೋಕಲ್ ಖಾಲಿಯಿತ್ತು, ಎದುರುಬದುರು ಕೂರಲು ಜಾಗ ಸಿಕ್ಕಿತು. ದಾದರ್ ಬಂದು ಹೋಯಿತು.

“ಅದು ಕಟಪಾಡಿಗೆ ಬರೆದದ್ದಾ?” ಎಂದ ರಮಾನಾಥ.

“ಹೂಂ.”

“ಅದನ್ನು ಕಳಿಸುವುದು ಬೇಡ. ಬೇರೆ ಬರಿ.”

“ಯಾಕೆ? ಅದರಲ್ಲಿ ಸುಳ್ಳೇನಿದೆ?”

“ಸುಳ್ಳು ಇಲ್ಲ ಮಾರಾಯ. ಅದೇ ಮತ್ತೆ.” ರಮಾನಾಥ ಕಿಟಕಿಯ ಕಡೆ ನೋಡುತ್ತ ಹೇಳಿದ. “ಅವರು ಕೇಳಿದ್ದು ಹುಡುಗ ಒಳ್ಳೆಯವನಾ ಅಂತ. ಹೌದು ಅಂತ ಬರಿ, ಅಷ್ಟು ಸಾಕು. ಒಂದು ಕಾರ್ಡು.”

“ಇದು?”

“ಇದು ನನ್ನ ಹತ್ತಿರ ಇರ್ಲಿ. ನನ್ನ ಬಗ್ಗೆ ಯಾರೂ ಹೀಗೆ ಬರೆದದ್ದಿಲ್ಲ. ಇನ್ನು ಬರೆಯುವವರೂ ಇಲ್ಲ.”

ಮದುವೆ ಬೇಡ ಎಂದುಬಿಡು, ಎಂಬ ಮಾತು ಸೀತಾರಾಮನ ಬಾಯಿಯವರೆಗೆ ಬಂತು. ಕೇಳಿದ್ದರೆ ರಮಾನಾಥ ಏನು ಹೇಳುತ್ತಿದ್ದನೋ. ಅವನ ಕೈ ಅಂಗಿಯ ಜೇಬಿನ ಮೇಲಿತ್ತು, ಕಣ್ಣು ಕೆಂಪಾಗಿತ್ತು. ಆದರೆ ಅವನು ಆಗಲೇ, “ಅಮ್ಮನಿಗೆ ಮಾತು ಕೊಟ್ಟಾಗಿದೆ,” ಎಂದಿದ್ದ, ಯಾರೂ ಕೇಳದೆಯೇ. ಬಾಂದ್ರಾ ದಾಟಿತು.

ಮರುದಿನ ಬೆಳಿಗ್ಗೆ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಕಾರ್ಡು ಬರೆದ. ‘ಚಿ. ರಮಾನಾಥನು ಸದ್ಗುಣಿ. ಯಾವ ದುರಭ್ಯಾಸವೂ ಇಲ್ಲ. ತಾವು ಮುಂದುವರಿಯಬಹುದು.’ ಗಲ್ಲಾದಿಂದ ರಮಾನಾಥ ನೋಡುತ್ತಿದ್ದ. ಬರೆದದ್ದನ್ನು ಅವನಿಗೆ ತೋರಿಸಿ, ಸ್ಟೇಷನ್ ಎದುರಿನ ಡಬ್ಬಕ್ಕೆ ಹಾಕಿ, ಸೀತಾರಾಮ ಆಫೀಸಿಗೆ ಹೋದ. ಆ ವಾರವೇ ವಿಕ್ರೋಳಿಯ ಕ್ವಾರ್ಟರ್ಸಿಗೆ ಅರ್ಜಿ ಹಾಕಿದ. ಸಾಹೇಬರು ಕಾರಣ ಕೇಳಲಿಲ್ಲ, ಬುದ್ಧಿ ಬಂತಲ್ಲ ಎಂದರು.

ಹದಿನೈದು ದಿನಕ್ಕೆ ಉಪಾಧ್ಯರ ಉತ್ತರ ಬಂತು. ಸೀತಾರಾಮ ಅದನ್ನು ಗಲ್ಲಾದ ಮುಂದೆಯೇ ನಿಂತು ಓದಿದ. ಓದಿ ಮುಗಿಸಿ ರಮಾನಾಥನ ಮುಂದಿಟ್ಟ.

‘ತಮ್ಮ ಕಾರ್ಡು ತಲುಪಿತು. ಬಹಳ ಸಂಕ್ಷೇಪವಾಗಿ ಬರೆದಿರುವುದನ್ನು ನೋಡಿದರೆ ಹುಡುಗನ ಪರಿಚಯ ತಮಗೆ ಹೆಚ್ಚಾಗಿ ಇಲ್ಲವೆಂದು ತೋರುತ್ತದೆ. ಅದಕ್ಕೆ ತಾವೇನೂ ಮಾಡುವಂತಿಲ್ಲ. ಬೇರೆ ಇಬ್ಬರು ಬಲ್ಲವರನ್ನು ವಿಚಾರಿಸಿದೆವು, ಸಮಾಧಾನವಾಯಿತು. ಮಾಘದಲ್ಲಿ ಮುಹೂರ್ತ ಇಟ್ಟಿದ್ದೇವೆ. ತಾವೂ ಅವಶ್ಯವಾಗಿ ಬರಬೇಕು.’

ರಮಾನಾಥ ಅದನ್ನು ಎರಡು ಸಲ ಓದಿದ. ಮುಖ ಬಿಗಿಯಿತು. ಬಿಲ್ ಹಿಡಿದು ನಿಂತಿದ್ದ ಗಿರಾಕಿಯನ್ನು ಅವನು ನೋಡಲೇ ಇಲ್ಲ.

“ಪರಿಚಯ ಇಲ್ಲ ಅಂತೆ,” ಎಂದ. “ನಿನಗೆ. ನನ್ನದು.” ಕಾಗದ ಮಡಚಿಟ್ಟು, “ಇವತ್ತೇ ಬರೀತೇನೆ ಅವರಿಗೆ. ಹಾಗೆಲ್ಲ ತಿಳಿದುಕೊಳ್ಳುವುದು ಬೇಡ ಅಂತ. ಇವನು ನನಗೆ ಯಾರು ಅಂತ ಬರೆದೇ ಬಿಡ್ತೇನೆ,” ಎಂದ.

“ಯಾರು ಅಂತ ಬರೀತೀಯ?” ಎಂದು ಕೇಳಿದ ಸೀತಾರಾಮ.

ರಮಾನಾಥ ಬಾಯಿ ತೆರೆದ. ಆಮೇಲೆ ಗಲ್ಲಾ ಬಿಟ್ಟೆದ್ದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದ.